ಮಡಿಲಿಗೆ ಮೊದಲ ನೀರು

ಕಾಲೇಜಿನ ಹುಡುಗಿಯರ ಕಬಡ್ಡಿ ತಂಡದ ಇತಿಹಾಸ ಬರೆದುಕೊಡಿ ಎಂದು 2004ರಲ್ಲಿ ಕೊಳ್ಳೇಗಾಲದಿಂದ ನನಗೊಂದು ಫೋನು ಬಂತು. ಮಾತಾಡಿದ್ದು ಕಾಲೇಜಿಗೆ ಹೊಸದಾಗಿ ಬಂದ ಮೇಷ್ಟ್ರು. ದನಿ ಕೇಳಿದರೆ ಇನ್ನೂ ಮೀಸೆ ಬಲಿತಿಲ್ಲ ಅನ್ನಿಸುತ್ತಿತ್ತು. ಯಾವ ವರ್ಷ ಯಾರ ಮೇಲೆ ಗೆದ್ದಿರಿ, ಯಾವ ಸುತ್ತಿನಲ್ಲಿ ಸೋತಿರಿ, ಇಷ್ಟೇ ಅವರಿಗೆ ಬೇಕಾದದ್ದು. "ಒಂದು ಪುಟ ಸಾಕು ಮೇಡಂ, ಫೋಟೋ ನಮ್ಮ ಹತ್ತಿರ ಇದೆ" ಅಂದರು. ಯಾವ ಫೋಟೋ ಅಂದೆ. ನೀವೆಲ್ಲ ಕಪ್ಪು ಹಿಡಿದು ನಿಂತಿರುವುದು, ಅಂದರು.

ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು. ಪಾಪ, ಆ ಮನುಷ್ಯನದೇನು ತಪ್ಪು? "ಅದರಲ್ಲಿ ಇರಬೇಕಾದವಳೇ ಇಲ್ಲವಲ್ಲಪ್ಪ" ಅಂದೆ. "ಯಾರು ಮೇಡಂ?" ಅಂದರು. ಫೋನಿನಲ್ಲಿ ನಿಂತ ಕಾಲಲ್ಲಿ ಹೇಳುವ ಮಾತಲ್ಲ ಅದು. ಬರೆದುಕೊಡುತ್ತೇನೆ ಎಂದು ಫೋನಿಟ್ಟೆ. ಬರೆಯಲು ಕೂತರೆ ಒಂದು ಪುಟದಲ್ಲಿ ಮುಗಿಯುವ ಲಕ್ಷಣ ಕಾಣಲಿಲ್ಲ. ಅವರು ಅಚ್ಚು ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ನಮ್ಮ ತಂಡ ಹುಟ್ಟಿದ್ದು ನಾನು ಕಾಲೇಜು ಸೇರುವುದಕ್ಕೆ ಕೆಲವು ವರ್ಷ ಮುಂಚೆ, ಎಂಬತ್ತರ ದಶಕದಲ್ಲಿ. ಕಾಲೇಜಿನ ಹಿಂದೆ ಜಾಲಿ ಗಿಡ ಕಡಿದು ಹಸನು ಮಾಡಿದ ಒಂದು ಮಣ್ಣಿನ ಅಂಕಣ, ಪಕ್ಕದಲ್ಲೊಂದು ಬೇವಿನ ಮರ. ಆಟ ಆಡಿಸುವ ಮೇಷ್ಟ್ರನ್ನು ಎಲ್ಲರೂ ಪಿ.ಡಿ. ಸಾರ್ ಎನ್ನುತ್ತಿದ್ದರು. ಅವರು ಸೀಟಿ ಊದಿದರೆ ಸಾಕು, ಅರ್ಧ ಊರು ಬಂದು ಬೇಲಿಗೆ ಆತುಕೊಳ್ಳುತ್ತಿತ್ತು. ಹೆಣ್ಣುಮಕ್ಕಳು ತೊಡೆ ತಟ್ಟುವುದನ್ನು ನೋಡಬೇಡವೇ! ವಿಶ್ವವಿದ್ಯಾನಿಲಯದ ಅಂತರಕಾಲೇಜು ಪಂದ್ಯಾವಳಿಗೆ ಪ್ರತಿ ವರ್ಷ ಮೈಸೂರಿಗೆ ಹೋಗುವುದು, ಮೊದಲನೇ ಸುತ್ತಿನಲ್ಲೇ ಸೋಲುವುದು, ಮಸಾಲೆ ದೋಸೆ ತಿಂದು ವಾಪಸ್ಸು ಬಸ್ಸು ಹತ್ತುವುದು. ಕಾಲೇಜಿನ ಹುಡುಗರು ನಮಗೆ ದೋಸೆ ಟೀಮು ಎಂದೇ ಹೆಸರಿಟ್ಟಿದ್ದರು.

ಸೋಲಿಗಿಂತ ದೊಡ್ಡ ತಲೆನೋವು ಬೇರೆ ಇತ್ತು. ತಂಡದಲ್ಲಿ ಸುಮಾರು ಜನ ಲಿಂಗವಂತರ ಮನೆಯ ಹುಡುಗಿಯರು. ಕೊರಳಲ್ಲಿ ಇಷ್ಟಲಿಂಗ. ದೀಕ್ಷೆ ಆದ ದಿನದಿಂದ ಅದು ಮೈ ಬಿಟ್ಟಿರಬಾರದು. ಏನೋ ಕಾರಣಕ್ಕೆ ಬಿಟ್ಟರೂ ಮತ್ತೆ ಕೊರಳಿಗೆ ಬರುವ ತನಕ ಒಂದು ಗುಟುಕು ನೀರು ಕೂಡ ಕುಡಿಯುವಂತಿಲ್ಲ. ಕಬಡ್ಡಿಯೋ, ಮೈಮೇಲೆ ಮೈ ಬೀಳುವ ಆಟ. ಒಮ್ಮೆ ಪ್ರಾಕ್ಟೀಸಿನಲ್ಲಿ ಒಬ್ಬಳ ಕರಡಿಗೆ, ಅಂದರೆ ಲಿಂಗವಿಡುವ ಬೆಳ್ಳಿಯ ಡಬ್ಬಿ, ಇನ್ನೊಬ್ಬಳ ತುಟಿಗೆ ಬಡಿದು ರಕ್ತವೋ ರಕ್ತ. ಅವತ್ತಿನಿಂದ ಅಂಕಣಕ್ಕಿಳಿಯುವಾಗ ಕೊರಳಲ್ಲಿ ಏನೂ ಇರಕೂಡದು ಅಂದರು ಪಿ.ಡಿ. ಸಾರ್. ಮೈಸೂರಿನ ಅಂಪೈರುಗಳಂತೂ ಬಳೆ, ಓಲೆ, ದಾರ ಎಲ್ಲ ಬಿಚ್ಚಿಸದೆ ಗೆರೆ ದಾಟಲು ಬಿಡುತ್ತಿರಲಿಲ್ಲ.

ಬಿಚ್ಚಿ ಎಲ್ಲಿಡುವುದು? ಮೊದಮೊದಲು ಒಂದು ಚೀಲಕ್ಕೆ ಹಾಕಿ ಬೇವಿನ ಕೊಂಬೆಗೆ ನೇತು ಹಾಕುತ್ತಿದ್ದರಂತೆ. ಒಂದು ದಿನ ಕೋತಿ ಬಂದು ಆ ಚೀಲ ಎತ್ತಿಕೊಂಡು ಮರದ ತುದಿಗೆ ಹೋಗಿ ಕೂತಿತು. ಕೆಳಗೆ ಹುಡುಗಿಯರು ಗೊಳೋ ಅಂತ ಅಳುತ್ತಿದ್ದಾರೆ, ಪ್ರಿನ್ಸಿಪಾಲರು ಪಂಚೆ ಎತ್ತಿ ಕಟ್ಟಿ ನಿಂತಿದ್ದಾರೆ, ಸಂತೆ ಬೀದಿಯಿಂದ ಬಾಳೆಹಣ್ಣಿನ ಗೊನೆ ಬಂದಿದೆ. ಕೊನೆಗೆ ಕೋತಿ ಹಣ್ಣಿನ ಆಸೆಗೆ ಚೀಲ ಬಿಟ್ಟಿತು. ಪಿ.ಡಿ. ಸಾರ್ ಅದನ್ನು ಅಂಗಿಯಲ್ಲಿ ಹಿಡಿದರು. ಲಿಂಗಗಳೇನೋ ಸಿಕ್ಕವು, ಆದರೆ ಸುದ್ದಿ ಸಂಜೆಯೊಳಗೆ ಯಳಂದೂರು ದಾಟಿತ್ತು.

ಮಾರನೆಯ ದಿನ ತಾಯಂದಿರ ದಂಡು ಕಾಲೇಜಿಗೆ ಬಂತು. ಮುಂದೆ ನಿಂತು ಮಾತಾಡಿದವರು ಕೊಳ್ಳೇಗಾಲದ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರ ಹೆಂಡತಿ. ನನ್ನ ಕಾಲದ ಕ್ಯಾಪ್ಟನ್ ಇವರ ಎರಡನೇ ಮಗಳು. ಅವರು ಹಾಕಿದ ಕಟ್ಟಳೆ ಇದು: "ನೆಲುಕ್ ತಾಕಂಗಿಲ್ಲ, ಮರುಕ್ ತಗಲಾಕಂಗಿಲ್ಲ, ಗಂಡಸ್ರ ಕೈಗೆ ಓಗಂಗಿಲ್ಲ. ನಮ್ಮೋರೇ ಒಬ್ಳು ಮಡ್ಲಲ್ಲಿ ಮಡೀಕಂಡು ಕೂತ್ಕಬೇಕು. ಇನ್ನೊಂದ್ಸಲ ಏನಾರ ಎಚ್ಚುಕಮ್ಮಿ ಆದ್ರೆ, ನಮ್ ಎಣ್ಮಕ್ಳು ಆಟುಕ್ಕೂ ಇಲ್ಲ, ಕಾಲೇಜ್ಗೂ ಇಲ್ಲ ಸಾ."

ಹಾಗೆ ಶುರುವಾಯಿತು ನಮ್ಮ ತಂಡದ 'ಮಡಿಲು'. ಬೇರೆ ತಂಡಗಳಲ್ಲಿ ರೈಡರ್ ಇರುತ್ತಾಳೆ, ಕ್ಯಾಚರ್ ಇರುತ್ತಾಳೆ. ನಮ್ಮಲ್ಲಿ ಇವರ ಜೊತೆಗೆ ಮಡಿಲು ಒಬ್ಬಳು. ಗೆರೆಯ ಹೊರಗೆ ಚಕ್ಕಳಮಕ್ಕಳ ಹಾಕಿ, ಮಡಿಲಲ್ಲಿ ಶುಭ್ರ ಬಟ್ಟೆ ಹಾಸಿ, ಎಲ್ಲರ ಲಿಂಗಗಳನ್ನೂ ಇಟ್ಟುಕೊಂಡು ಕೂತರೆ, ಆಟ ಮುಗಿಯುವ ತನಕ ಏಳುವಂತಿಲ್ಲ. ಆಡುವವರು ನೀರು ಮುಟ್ಟುವಂತಿಲ್ಲವಲ್ಲ, ಅಷ್ಟು ಹೊತ್ತೂ ಮಡಿಲಿನವಳೂ ನೀರು ಕುಡಿಯುತ್ತಿರಲಿಲ್ಲ. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಹುಡುಗಿಯರೇ ಕಟ್ಟಿಕೊಂಡದ್ದು. ಅವರು ಬಿಸಿಲಲ್ಲಿ ನಾಲಿಗೆ ಒಣಗಿಸಿಕೊಂಡು ಆಡುತ್ತಿರುವಾಗ ಇವಳು ಗಟಗಟ ಕುಡಿದರೆ ಹೊಟ್ಟೆ ಉರಿಯುವುದಿಲ್ಲವೇ? ಆಟ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಲಿಂಗ ಕಣ್ಣಿಗೊತ್ತಿಕೊಂಡು ಕಟ್ಟಿಕೊಳ್ಳುತ್ತಿದ್ದರು. ಕೊನೆಗೆ ಕ್ಯಾಪ್ಟನ್ ಚೊಂಬು ತಂದು ಮಡಿಲಿನವಳ ಬೊಗಸೆಗೆ ಮೊದಲ ನೀರು ಹುಯ್ಯುತ್ತಿದ್ದಳು. "ಮಡ್ಲು ಕೊಡವು ಕನಮ್ಮಿ" ಎನ್ನುತ್ತಿದ್ದಳು, ಕೆಲಸ ಮುಗಿಯಿತು, ಇನ್ನು ಏಳಬಹುದು ಎಂದು ಅದರ ಅರ್ಥ. ಅದಾದ ಮೇಲೆಯೇ ಎಲ್ಲರಿಗೂ ನೀರು.

ನಾನು ತಂಡಕ್ಕೆ ಸೇರಿದ್ದೇ ಮಡಿಲಾಗಿ. ನಮ್ಮೂರು ಯಳಂದೂರಿನ ಆಚೆ. ಅಪ್ಪನಿಗೆ ಕಬಡ್ಡಿ ಎಂಬ ಮಾತೇ ಆಗುತ್ತಿರಲಿಲ್ಲ. ನನ್ನ ಪರವಾಗಿ ವಾದ ಮಾಡಿದವಳು ಅಜ್ಜಿ. "ಆಡಕ್ ಓಗ್ತಾ ಇಲ್ಲ ಕನ್ಲಾ, ಲಿಂಗ ಕಾಯಕ್ ಓಗ್ತಾ ಅವ್ಳೆ. ಪುಣ್ಯದ್ ಕೆಲ್ಸ" ಎಂದು ಮಗನ ಬಾಯಿ ಮುಚ್ಚಿಸಿದಳು. ಅಪ್ಪ ಒಪ್ಪಿದ, ಒಂದು ಷರತ್ತಿನ ಮೇಲೆ: ಕೂತು ಬರಬೇಕು, ಅಂಕಣಕ್ಕೆ ಕಾಲಿಟ್ಟೆ ಅಂತ ಗೊತ್ತಾದರೆ ಮಾರನೆಯ ದಿನದಿಂದ ಕಾಲೇಜು ಬಂದ್, ಬರುವ ಲಗ್ನದಲ್ಲಿ ಮದುವೆ. ಗಂಡು ಬೇರೆ ಗೊತ್ತಾಗಿತ್ತು, ಸಂತೇಮರಹಳ್ಳಿ ಕಡೆಯವನು, ಕಬ್ಬಿನ ಗದ್ದೆ, ಟ್ರ್ಯಾಕ್ಟರ್ ಎಲ್ಲ ಇತ್ತು. ನನಗೋ ಬಿ.ಎ. ಮುಗಿಸಿ ಮೇಷ್ಟರಾಗುವ ಹುಚ್ಚು.

ಪ್ರಾಕ್ಟೀಸಿಗೆ ಮುಂಚೆ ಗೆರೆಯ ಹೊರಗೆ, ಲಿಂಗ ಕೊರಳಲ್ಲೇ ಇಟ್ಟುಕೊಂಡು, ನಾನೂ ಎಲ್ಲರ ಜೊತೆ ಓಡಿದೆ, ಕಾಲು ಹಿಡಿಯುವುದನ್ನು ಕಲಿತೆ. ಆದರೆ ಮ್ಯಾಚು ಅಂದರೆ ಕೂರುವುದೇ. ಅಯ್ಯೋ, ಆ ಕೂರುವ ಕಷ್ಟ! ಆಡುವವರಿಗೆ ಚೆಂದ, ಓಡುತ್ತಾರೆ, ಕೂಗುತ್ತಾರೆ. ನನಗೆ ಕಾಲು ಜೋಮು ಹಿಡಿದರೂ ಅಲ್ಲಾಡುವಂತಿಲ್ಲ. ನಾಯಿ ಹತ್ತಿರ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಕಾಗೆ ತಲೆಮೇಲೆ ಹಾರಿದರೂ ಬಟ್ಟೆಯ ಮೇಲೆ ಬಗ್ಗುತ್ತಿದ್ದೆ. ಮೈಸೂರಿನಲ್ಲಿ ಒಬ್ಬ ಹೆಂಗಸು ಕಡಲೆಕಾಯಿ ತಿನ್ನುತ್ತಾ ಬಂದು "ಏನಮ್ಮ ಅದು ಗಂಟು?" ಎಂದು ಕೈ ಚಾಚಿದಳು. ನಾನು ಹೇಗೆ ಅರಚಿದೆನೋ, ಅಂಪೈರ್ ಆಟ ನಿಲ್ಲಿಸಿ ನನ್ನ ಕಡೆ ನೋಡಿದ.

ಎರಡನೇ ವರ್ಷ ನಮ್ಮ ತಂಡಕ್ಕೆ ಒಬ್ಬ ಹುಡುಗಿ ಬಂದಳು. ಹನೂರಿನ ಆಚೆ ಮಾರ್ಟಳ್ಳಿಯವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಂಕಣದಲ್ಲಿ ಎರಡೂ. ಕಬಡ್ಡಿಗೆ ಅವಳು 'ಸಡುಗುಡು' ಎನ್ನುತ್ತಿದ್ದಳು. ಕಪ್ಪಗೆ, ಸಣ್ಣಗೆ, ಎಲ್ಲಿ ಹಿಡಿದರೂ ಜಾರಿಕೊಳ್ಳುವಳು. ಆಟಕ್ಕೆ ಮುಂಚೆ ಮೊಣಕಾಲಿಗೆಲ್ಲ ನೋವಿನ ಮುಲಾಮು ತಿಕ್ಕಿಕೊಳ್ಳುವುದು ಅವಳ ಅಭ್ಯಾಸ, ಕೈಯೆಲ್ಲ ಅದೇ ಘಾಟು. ಇನ್ನೊಂದು ಅಭ್ಯಾಸವೆಂದರೆ ನೀರು. ಅಷ್ಟು ನೀರು ಕುಡಿಯುವ ಪ್ರಾಣಿಯನ್ನು ನಾನು ನೋಡಿರಲಿಲ್ಲ. ಬಿಡುವಿನಲ್ಲಿ ಎಲ್ಲರಿಗೂ ಅಂತ ಗ್ಲೂಕೋಸ್ ನೀರು ಬರುತ್ತಿತ್ತು. ನಮ್ಮವರು ಮುಟ್ಟುವಂತಿರಲಿಲ್ಲ. ಇವಳು ನಗುತ್ತಾ, "ನಿಮ್ ಪಾಲೂ ನಂಗೇ ಕೊಡ್ರಕ್ಕ" ಎಂದು ಲೋಟದ ಮೇಲೆ ಲೋಟ ಇಳಿಸುತ್ತಿದ್ದಳು. ಕ್ಯಾಪ್ಟನ್ ರೇಗುತ್ತಿದ್ದಳು, "ಒಟ್ಟೆ ಕುಲುಕ್ತದೆ ಕನಮ್ಮಿ, ಉಸ್ರು ಎಂಗ್ ಇಡೀತಿಯೆ?" ಅವಳು ಹೋಗಿ ಎದುರಾಳಿಗಳಲ್ಲಿ ಇಬ್ಬರನ್ನು ಮುಟ್ಟಿ ಬಂದು ಉತ್ತರ ಹೇಳುತ್ತಿದ್ದಳು.

ಆ ವರ್ಷ ದೋಸೆ ಟೀಮು ಮೊದಲ ಸುತ್ತು ಗೆದ್ದಿತು. ಎರಡನೆಯದೂ ಗೆದ್ದಿತು. ಸೆಮಿಫೈನಲ್ ಗೆದ್ದಾಗ ಪಿ.ಡಿ. ಸಾರ್ ಮರದ ಹಿಂದೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ಕೂತಲ್ಲಿಂದಲೇ ನೋಡಿದೆ.

ಫೈನಲ್ ದಿನ ಬೆಳಿಗ್ಗೆಯೇ ಎಲ್ಲ ಎಡವಟ್ಟು. ನಮ್ಮ ಕಡೆಯ ಒಬ್ಬ ಹುಡುಗಿಗೆ ಜ್ವರ ಬಂತು. ಜೊತೆಗೆ ಬಂದಿದ್ದ ಕನ್ನಡದ ಮೇಡಂ ಅವಳ ಹತ್ತಿರ ಹಾಸ್ಟೆಲಿನಲ್ಲೇ ಉಳಿದರು. ಹಾಗಾಗಿ ಅಂಕಣದಲ್ಲಿ ಏಳು ಜನ, ಹೊರಗೆ ಮಡಿಲಾಗಿ ನಾನೊಬ್ಬಳು, ಪಿ.ಡಿ. ಸಾರ್ ಒಬ್ಬರು. ನನ್ನ ಎಡಗಣ್ಣು ಅದುರುತ್ತಿತ್ತೋ ಬಲಗಣ್ಣೋ, ಎರಡೂ ಅದುರುತ್ತಿದ್ದವೋ, ಅಂತೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಎದುರು ತಂಡ ಮೈಸೂರಿನ ಕಾಲೇಜು. ಎಲ್ಲರಿಗೂ ಒಂದೇ ಬಣ್ಣದ ಬನಿಯನ್ನು. ಬೇಲಿಯ ಸುತ್ತ ಅವರದೇ ಜನ.

ಆಟ ಸಮಸಮವಾಗಿ ನಡೆದಿತ್ತು. ಬಿಡುವು ಕಳೆದು ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿರಬೇಕು. ಮಾರ್ಟಳ್ಳಿಯವಳು ರೈಡಿಗೆ ಹೋದಳು. ಒಬ್ಬಳನ್ನು ಮುಟ್ಟಿ ತಿರುಗಿದಳು, ಮೂವರು ಮೇಲೆ ಬಿದ್ದರು. ಅವರನ್ನೂ ಎಳೆದುಕೊಂಡೇ ಕೈ ಚಾಚಿ ನಡುಗೆರೆ ಮುಟ್ಟಿದಳು. ಪಾಯಿಂಟು ಬಂತು. ಆದರೆ ಅವಳು ಏಳಲಿಲ್ಲ. ಕಾಲು ಒಂದು ಕಡೆ, ಪಾದ ಒಂದು ಕಡೆ ತಿರುಗಿತ್ತು. ಪಿ.ಡಿ. ಸಾರ್ ಓಡಿ ಹೋಗಿ ಹೊತ್ತು ತಂದು ನನ್ನ ಪಕ್ಕ ಕೂರಿಸಿದರು. ಕೂರಿಸಿದವರೇ ನನ್ನ ಕಡೆ ತಿರುಗಿ, "ಏಳಮ್ಮ, ಒಳಗೆ ಇಳಿ!" ಅಂದರು.

"ಸಾ, ಮಡ್ಲು..." ಅಂದೆ.

"ಆರು ಜನದಲ್ಲಿ ಆಡಿದರೆ ಸೋತ್ವಿ ಅಂತಲೇ ಲೆಕ್ಕ. ಏಳು ಬೇಗ!" ಅಂಪೈರು ಬೇರೆ ಗಡಿಯಾರ ನೋಡುತ್ತಿದ್ದ. ಒಳಗಿನಿಂದ ಕ್ಯಾಪ್ಟನ್ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು.

ಏಳುವುದು ಹೇಗೆ? ಮಡಿಲಲ್ಲಿ ನಾಲ್ಕು ಮನೆಗಳ ಮಾನ ಇಟ್ಟುಕೊಂಡು ಕೂತಿದ್ದೇನೆ. ನೆಲಕ್ಕಿಡುವಂತಿಲ್ಲ. ಪಿ.ಡಿ. ಸಾರಿಗೆ ಕೊಡುವಂತಿಲ್ಲ. ಹೆಚ್ಚುಕಮ್ಮಿಯಾದರೆ ಹುಡುಗಿಯರ ಆಟ ಅವತ್ತಿಗೇ ಮುಗಿಯಿತು. ನಾನು ಇಳಿದರೆ, ಅಪ್ಪನಿಗೆ ತಿಳಿದರೆ, ಸಂತೇಮರಹಳ್ಳಿಯ ಟ್ರ್ಯಾಕ್ಟರು ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಇಷ್ಟೂ ಕಣ್ಣ ಮುಂದೆ ಬಂತು. ಬಂದರೂ, ನಿಜ ಹೇಳುತ್ತೇನೆ, ನನಗೆ ಆಡಬೇಕಿತ್ತು. ಎರಡು ವರ್ಷ ಕೂತು ಕೂತು ನನ್ನ ಕಾಲುಗಳು ಅದಕ್ಕಾಗಿಯೇ ಕಾಯುತ್ತಿದ್ದವು.

ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದ ಮಾರ್ಟಳ್ಳಿಯವಳಿಗೆ ಅಂದೆ, "ನೀ ಇಡ್ಕೊ ಕನಮ್ಮಿ."

ಅವಳ ಮುಖದಲ್ಲಿ ಕಾಲಿನ ನೋವು ಹೋಗಿ ಬೇರೆಯೇ ಭಯ ಬಂತು. "ಅಕ್ಕಾ, ಬ್ಯಾಡಕ್ಕ! ಬೆಳುಗ್ಗೆ ಆಸ್ಟಲ್ಲಲ್ಲಿ ಮೊಟ್ಟೆ ತಿಂದಿವ್ನಿ."

"ನೀ ತಿಂದದ್ದು ಒಟ್ಟೇಲದೆ, ಇದು ಮಡ್ಲಲ್ಲಿರ್ತದೆ. ಸುಮ್ನೆ ಕೂತ್ಕೊ!"

"ನಮ್ ಮನೇರ್ ಮುಟ್ಬೋದಾಕ್ಕ? ಪಾವಂ ಬರಲ್ವಾ?" ಪಾವಂ ಅಂದರೆ ಅವಳ ತಮಿಳಿನಲ್ಲಿ ಪಾಪ.

"ಬಂದ್ರೆ ನಂಗ್ ಬರ್ಲಿ" ಎಂದು ಬಟ್ಟೆಯ ಸಮೇತ ಎತ್ತಿ ಅವಳ ಮಡಿಲಲ್ಲಿಟ್ಟೆ. ನನ್ನ ಕೊರಳಿನದನ್ನೂ ಬಿಚ್ಚಿ ಅದರ ಜೊತೆ ಸೇರಿಸಿದೆ. ದೀಕ್ಷೆಯಾದ ಮೇಲೆ ಅದು ನನ್ನ ಮೈ ಬಿಟ್ಟದ್ದು ಅದೇ ಮೊದಲು. ಕೊರಳು ಖಾಲಿಯಾಗಿ ಗಾಳಿ ತಾಕಿತು. ಅವಳು ಎರಡೂ ಕೈಗಳನ್ನು ಬಟ್ಟೆಯ ಮೇಲೆ ಮುಚ್ಚಿದಳು. ಕ್ಯಾಪ್ಟನ್ ನಡುಗೆರೆಯ ಹತ್ತಿರ ನಿಂತು ಅದನ್ನು ನೋಡಿದಳು. ಅವಳ ಮುಖ ಬಿಗಿಯಿತು. ಮಾತಾಡುವಷ್ಟರಲ್ಲಿ ಸೀಟಿ ಆಯಿತು.

ಹೇಗೆ ಆಡಿದೆ ಅಂತ ಕೇಳಬೇಡಿ. ಅರ್ಧ ಕಣ್ಣು ಎದುರಾಳಿಯ ಕಾಲ ಮೇಲೆ, ಅರ್ಧ ಕಣ್ಣು ಹೊರಗಿನ ಮಡಿಲ ಮೇಲೆ. ಬಿಳಿ ಅಂಗಿಯ ಸ್ವಯಂಸೇವಕರು ಸ್ಟ್ರೆಚರ್ ತಂದದ್ದು ಕಾಣಿಸಿತು. ಅವಳು ತಲೆ ಅಲ್ಲಾಡಿಸುತ್ತಿದ್ದಳು. ಪಿ.ಡಿ. ಸಾರ್ ಬಗ್ಗಿ ಏನೋ ಬೇಡಿಕೊಂಡರು. "ಏಳಕ್ಕಾಗಲ್ಲ ಸಾ, ಮಡ್ಲು ತುಂಬದೆ" ಎಂದು ಅವಳು ಕೂಗಿದ್ದು ಅಂಕಣದ ನಡುವಿಗೆ ಕೇಳಿಸಿತು. ಯಾರೋ ನೀರಿನ ಲೋಟ ಹಿಡಿದರು. ಅದಕ್ಕೂ ತಲೆ ಅಲ್ಲಾಡಿಸಿದಳು. ಸ್ಟ್ರೆಚರ್ ವಾಪಸ್ಸು ಹೋಯಿತು. ನನಗೆ ಅಳು ಬಂತು, ಅಳುತ್ತಲೇ ಒಬ್ಬಳ ಪಾದ ಹಿಡಿದೆ. ಹಿಡಿದವಳು ಬಿಡಲಿಲ್ಲ. ಉಳಿದವರು ಬಂದು ಮೇಲೆ ಬಿದ್ದರು. ಆಮೇಲೆ ಒಂದು ಸಲ ಅವರು ಮುಂದೆ, ಒಂದು ಸಲ ನಾವು ಮುಂದೆ. ಕೊನೆಯ ಸೀಟಿ ಆದಾಗ ಒಂದೇ ಒಂದು ಪಾಯಿಂಟಿನಲ್ಲಿ ನಾವು ಗೆದ್ದಿದ್ದೆವು. ನಮ್ಮ ಕಾಲೇಜಿನ ಹುಡುಗಿಯರು ವಿಶ್ವವಿದ್ಯಾನಿಲಯದ ಕಪ್ಪು ತಂದದ್ದು ನಾನು ಕಂಡಂತೆ ಅದೊಂದೇ ಸಲ.

ಗೆದ್ದ ಮೇಲೆ ಕುಣಿಯಬೇಕಲ್ಲವೇ? ನಮ್ಮವರು ಕುಣಿಯಲಿಲ್ಲ, ಮಡಿಲಿನ ಕಡೆ ಓಡಿದರು. ಅಲ್ಲಿ ನಿಂತು, ಹಿಡಿದಿರುವವಳು ಯಾರು ಎಂದು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಕೈ ಚಾಚಿದವಳು ನಾನು. ನನ್ನದನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಕಟ್ಟಿಕೊಂಡೆ. ಆಮೇಲೆ ಒಬ್ಬೊಬ್ಬರೇ ತೆಗೆದುಕೊಂಡರು. ಕ್ಯಾಪ್ಟನ್ ಕೊನೆಯವಳು. ಕೊಡುವವಳ ಮುಖ ನೋಡದೆ, ಬೆರಳ ತುದಿಯಲ್ಲಿ ಎತ್ತಿಕೊಂಡು ತಿರುಗಿಬಿಟ್ಟಳು. ಅಷ್ಟರಲ್ಲಿ ಮೈಕಿನಲ್ಲಿ ನಮ್ಮ ಕಾಲೇಜಿನ ಹೆಸರು ಕೂಗಿದರು. ಕಪ್ಪು, ಕೈಕುಲುಕು, ಫೋಟೋ. ಏಳಲಾಗದವಳು ಫೋಟೋಕ್ಕೆ ಬರುವುದು ಹೇಗೆ? ಆ ಗದ್ದಲದಲ್ಲಿ ಚೊಂಬಿನ ನೆನಪು ಯಾರಿಗೂ ಆಗಲಿಲ್ಲ. ನನಗೂ ಆಗಲಿಲ್ಲ.

ಮೈಸೂರಿನ ಆಸ್ಪತ್ರೆ ಬೇಡ, ಅಪ್ಪ ಬರಲು ದೂರವಾಗುತ್ತದೆ ಎಂದು ಅವಳೇ ಹಟ ಮಾಡಿದಳು. ಕಾಲಿಗೆ ಪಟ್ಟಿ ಕಟ್ಟಿಸಿ, ಕೊಳ್ಳೇಗಾಲದ ಆಸ್ಪತ್ರೆಗೇ ಸೇರಿಸೋಣವೆಂದು ಬಸ್ಸು ಹತ್ತಿಸಿದರು. ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ, ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ನರಸೀಪುರದಲ್ಲಿ ಬಸ್ಸು ನಿಂತಾಗ ನೀರು ತಂದು ಕೊಟ್ಟೆ. ಬೇಡವೆಂದು ಮುಖ ತಿರುಗಿಸಿದಳು. ಈ ಕಾಲಿನಲ್ಲಿ ಇಳಿದು ಬಯಲಿಗೆ ಹೋಗುವುದು ಕಷ್ಟ, ಅದಕ್ಕೇ ಬೇಡವೆನ್ನುತ್ತಾಳೆ ಎಂದುಕೊಂಡೆ. ನಾವು ಹೆಂಗಸರು ಬಸ್ಸಿನಲ್ಲಿ ಮಾಡುವುದೇ ಅದಲ್ಲವೇ? ಕ್ಯಾಪ್ಟನ್ ಮುಂದಿನ ಸೀಟಿನಲ್ಲಿ ಕಪ್ಪನ್ನು ತಬ್ಬಿಕೊಂಡು ಕೂತಿದ್ದಳು. ಒಂದು ಸಲವೂ ಹಿಂದೆ ತಿರುಗಲಿಲ್ಲ. ಇಳಿಯುವಾಗ ನನ್ನ ಕಿವಿಯ ಹತ್ತಿರ ಬಂದು, "ಯಾರ್ಗೂ ಏಳ್ಬ್ಯಾಡ ಕನಮ್ಮಿ. ನಮ್ಮವ್ವುಂಗ್ ಗೊತ್ತಾದ್ರೆ ಎಲ್ಲಾರ್ ಕತೆಯೂ ಮುಗೀತು" ಅಂದಳು.

ಮನೆಗೆ ಹೋದೆ. ಅಪ್ಪ ಗದ್ದೆಯಲ್ಲಿದ್ದ, ಏನೂ ಕೇಳಲಿಲ್ಲ. ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಅಜ್ಜಿಯ ಪಕ್ಕ ಪೂಜೆಗೆ ಕೂತೆ. ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡೆ. ಕರಡಿಗೆಗೆ ಸುತ್ತಿದ್ದ ವಸ್ತ್ರವನ್ನು ಅಜ್ಜಿ ಮಡಿಸಲು ಎತ್ತಿಕೊಂಡಳು. ಎತ್ತಿಕೊಂಡವಳು ಮೂಗಿನ ಹತ್ತಿರ ಹಿಡಿದಳು.

"ಇದೇನ್ ಕೂಸೆ, ಮುಲಾಮಿನ್ ವಾಸ್ನೆ?"

ನನ್ನ ಜೀವ ಬಾಯಿಗೆ ಬಂತು. ಕೈಯಲ್ಲಿದ್ದ ಪತ್ರೆ ನೆಲಕ್ಕೆಲ್ಲ ಚೆಲ್ಲಿತು. ಸುಳ್ಳು ಹೇಳೋಣವೆಂದರೆ ಅಂಗೈಯಲ್ಲಿ ಲಿಂಗ.

"ಇಳುದ್ಯಾ ಆಟುಕ್ಕೆ?"

"ಊಂ ಅಜ್ಜಿ."

"ಇದು ಯಾರ್ ತಾವಿತ್ತು?"

ಹೇಳಿದೆ. ಕಾಲು ಮುರಿದುಕೊಂಡ ಹುಡುಗಿಯ ಹತ್ತಿರ ಇತ್ತು, ಮಾರ್ಟಳ್ಳಿಯವಳು, ನಮ್ಮವಳಲ್ಲ, ಮೊಟ್ಟೆ ಮಾಂಸ ತಿನ್ನುವವರ ಮನೆಯವಳು ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅಜ್ಜಿ ಆ ವಸ್ತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. ಹೊರಗೆ ಅಪ್ಪ ಎತ್ತುಗಳಿಗೆ ಹುಲ್ಲು ಹಾಕುತ್ತಾ ಕೆಮ್ಮಿದ ಸದ್ದು ಕೇಳಿತು. ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ನಾನು ಕಾದೆ.

"ನೆಲುಕ್ ಬಿತ್ತಾ?"

"ಇಲ್ಲ ಅಜ್ಜಿ. ಆಸ್ಪತ್ರೆಗ್ ಕರುದ್ರೂ ಏಳ್ನಿಲ್ಲ ಅವ್ಳು."

ಅಜ್ಜಿ ವಸ್ತ್ರ ಮಡಿಸಿ ಪಕ್ಕಕ್ಕಿಟ್ಟಳು. "ನಿಮ್ಮಪ್ಪನ್ ಕಿವಿಗ್ ಆಕ್ಬ್ಯಾಡ. ಪೂಜೆ ಮುಗ್ಸಿ ನೀರ್ ಕುಡಿ" ಅಂದಳು.

ಅಬ್ಬ, ಬದುಕಿದೆ ಎಂದುಕೊಂಡೆ. ಪೂಜೆ ಮುಗಿಸಿದೆ. ಚೊಂಬು ಎತ್ತಿ ತುಟಿಗಿಟ್ಟೆ. ಆಗ ನೆನಪಾಯಿತು. ನೀರು. ಅವಳಿಗೆ ಯಾರೂ ನೀರು ಹುಯ್ದಿರಲಿಲ್ಲ. ಮಡಿಲು ಕೊಡವು ಎಂದು ಯಾರೂ ಹೇಳಿರಲಿಲ್ಲ. ಅಂಕಣದ ಪಕ್ಕ ತಲೆ ಅಲ್ಲಾಡಿಸಿದ್ದು, ಬಸ್ಸಿನಲ್ಲಿ ಮುಖ ತಿರುಗಿಸಿದ್ದು ಎಲ್ಲ ಕಣ್ಣಿಗೆ ಕಟ್ಟಿತು. ಛೇ, ಹಾಗೆಲ್ಲ ಇರಲಾರದು, ಅಷ್ಟು ನೀರು ಕುಡಿಯುವವಳು ಎಂದು ಮನಸ್ಸಿಗೆ ಹೇಳಿಕೊಂಡೆ. ಚೊಂಬು ಕೆಳಗಿಟ್ಟು, ಸ್ಪೆಷಲ್ ಕ್ಲಾಸು ಎಂದು ಕೂಗಿ ಹೇಳಿ, ಬಸ್ಸಿಗೆ ಓಡಿದೆ. ಯಳಂದೂರಿನಿಂದ ಕೊಳ್ಳೇಗಾಲ ಏನು ದೂರ? ಆದರೂ ಆ ದಿನ ಕುಂತೂರಿನ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ. ನಮ್ಮ ಡ್ರೈವರು ಅವುಗಳ ಹಿಂದೆ ಬೀಡಿ ಎಳೆಯುತ್ತಾ ತೆವಳುತ್ತಿದ್ದ. ನಾನು ಮನಸ್ಸಿನಲ್ಲೇ ಅವನಿಗೆ ಬೈಯದ ಬೈಗುಳವಿಲ್ಲ.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿ ಅವಳನ್ನು ಮಲಗಿಸಿದ್ದರು. ಆ ಕಾಲು ಮುಂದೆ ರೈಡಿಗೆ ಬರಲೇ ಇಲ್ಲ. ಕೈಗೆ ಗ್ಲೂಕೋಸ್ ಬಾಟಲಿ ಚುಚ್ಚಿದ್ದರು. ತುಟಿ ಒಡೆದು ಬಿಳಿಚಿಕೊಂಡಿತ್ತು. ನರ್ಸಮ್ಮ ನನ್ನನ್ನು ಕಂಡವರೇ ಜಗಳಕ್ಕೆ ಬಂದರು. "ನಿಮ್ಮ ಕಡೆಯವಳಾ? ನಿನ್ನೆಯಿಂದ ಒಂದು ತೊಟ್ಟು ನೀರು ಬಾಯಿಗೆ ಹಾಕಿಲ್ಲ. ಮಾತ್ರೆ ಕೊಟ್ಟರೆ ಒಣಗಿದ ಬಾಯಲ್ಲೇ ಅಗೀತಾಳೆ. ಅವರಪ್ಪ ಬೇಡಿ ಬೇಡಿ ಸಾಕಾಗಿ ಹೊರಗೆ ಕೂತಿದ್ದಾರೆ. ಏನು ವ್ರತಾನೋ!"

"ಯಾಕಮ್ಮಿ ನೀರ್ ಕುಡೀತಿಲ್ಲ?" ಎಂದೆ.

"ಇನ್ನೂ ಉಯ್ದಿಲ್ವಲ್ಲಕ್ಕ" ಅಂದಳು. ನಾಲಿಗೆ ಹೊರಳುತ್ತಿರಲಿಲ್ಲ. "ಕ್ಯಾಪ್ಟನಕ್ಕ ಮಡ್ಲು ಕೊಡವು ಅನ್ಲೇ ಇಲ್ಲ."

ಅಲ್ಲೇ ಇದ್ದ ಲೋಟ ಎತ್ತಿ, "ನಾ ಉಯ್ತೀನಿ, ಕುಡಿ ಕನಮ್ಮಿ, ಕುಡಿ" ಎಂದೆ. ಅವಳು ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು.

"ನಿಮ್ದೂ ನನ್ ಮಡ್ಲಲ್ಲೇ ಇತ್ತಲ್ಲಕ್ಕ. ಕ್ಯಾಪ್ಟನ್ ತಾನೇ ಉಯ್ಯದು? ನಾ ಬ್ಯಾರೆ ಜನ. ತಪ್ಪಾಗಿ ಕುಡುದ್ಬುಟ್ಟು, ನಿಮ್ಗೆಲ್ಲಾ ಏನಾರ ಆಗೋದ್ರೆ?"

ನಮಗೆ ಏನಾದರೂ ಆಗಿಹೋದರೆ ಅಂತೆ! ಲೋಟ ಅಲ್ಲೇ ಕುಕ್ಕಿ ಹೊರಗೆ ಬಂದೆ. ಕ್ಯಾಪ್ಟನ್ ಮನೆ ತಲುಪುವ ತನಕ ದಾರಿಯಲ್ಲಿ ಅತ್ತದ್ದೂ ಅಷ್ಟೇ, ಹಲ್ಲು ಕಡಿದದ್ದೂ ಅಷ್ಟೇ.

ಅವಳು ನಡುಮನೆಯಲ್ಲಿ ತಾಯಿಯ ಜೊತೆ ಸೀರೆ ಮಡಿಸುತ್ತಿದ್ದಳು. ನನ್ನನ್ನು ನೋಡಿ ಬಾಗಿಲಿಗೆ ಓಡಿ ಬಂದು, "ಗೊತ್ತಾಗೋಯ್ತಾ? ಯಾರ್ ಏಳುದ್ರು?" ಎಂದು ಪಿಸುಗುಟ್ಟಿದಳು.

"ನೀ ನೀರು ಉಯ್ಲಿಲ್ಲ" ಅಂದೆ. "ನಿನ್ನೆಯಿಂದ ಅವ್ಳು ನೀರು ಮುಟ್ಟಿಲ್ಲ. ನೀ ಉಯ್ಯಗಂಟ ಮುಟ್ಟಲ್ವಂತೆ. ಕುಡುದ್ರೆ ನಿಂಗೆ ಏನಾರ ಆದಾತು ಅಂತ ಬಾಯ್ ಒಣಗಿಸ್ಕಂಡು ಬಿದ್ದವ್ಳೆ. ಬತ್ತೀಯಾ, ಇಲ್ಲಾ ಇಲ್ಲೇ ನಿಂತು ನಿಮ್ಮವ್ವುಂಗೆ ಕೇಳಂಗೆ ಕೂಗ್ಲಾ?"

ನಾನು ಕೂಗಬೇಕಾಗಲಿಲ್ಲ. ಕ್ಯಾಪ್ಟನ್ ಮುಖ ಸುಣ್ಣದಂತಾಯಿತು. ತಿರುಗಿ ಒಳಗೆ ಹೋದಳು. ಬರುವುದಿಲ್ಲ ಎಂದುಕೊಂಡೆ. ಮತ್ತೆ ಹೊರಗೆ ಬಂದಾಗ ಅವಳ ಕೈಯಲ್ಲಿ ಪೂಜೆಯ ಬೆಳ್ಳಿ ಚೊಂಬಿತ್ತು, ತುಂಬ ನೀರು. ತಾಯಿ ಸೀರೆ ಬಿಟ್ಟು ಎದ್ದರು. "ಅದ್ಯಾಕಮ್ಮಿ, ದೇವ್ರ್ ಚೊಂಬು! ಎಲ್ಲಿಗ್ ಓಯ್ತಿದ್ದೀಯೆ?"

"ಮಡ್ಲಿಗೆ ನೀರು ಉಯ್ಯಕ್ಕೆ ಕನವ್ವ. ಬಂದು ಎಲ್ಲಾ ಏಳ್ತೀನಿ" ಎಂದಳು. ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ಬೀದಿಯ ನಡುವೆ ಚೊಂಬು ಹಿಡಿದು, ನೀರು ತುಳುಕದ ಹಾಗೆ ನಡೆದಳು. ನಾನು ಹಿಂದೆ ಹಿಂದೆ ಓಡಿದೆ.

ಮಾರ್ಟಳ್ಳಿಯವಳು ನಮ್ಮನ್ನು ಕಂಡು ಏಳಲು ಹೋದಳು. ನಾನು ಬೆನ್ನಿಗೆ ಕೈ ಕೊಟ್ಟು ಕೂರಿಸಿದೆ. ಅವಳು ಬೊಗಸೆ ಒಡ್ಡಿದಳು. ಒಂದು ಕೈಗೆ ಗ್ಲೂಕೋಸಿನ ಸೂಜಿ ಚುಚ್ಚಿಯೇ ಇತ್ತು. ಕ್ಯಾಪ್ಟನ್ ಈ ಸಲ ಅವಳ ಮುಖವನ್ನೇ ನೋಡುತ್ತಾ ನೀರು ಹುಯ್ದಳು. ಅರ್ಧ ನೀರು ಹೊದಿಕೆಯ ಮೇಲೆ ಬಿತ್ತು. "ಮಡ್ಲು ಕೊಡವು ಕನಮ್ಮಿ" ಎಂದಳು.

ಅವಳು ಕುಡಿದಳು. ಬೊಗಸೆ ಖಾಲಿಯಾದಂತೆಲ್ಲ ಮತ್ತೆ ಒಡ್ಡಿದಳು. ಚೊಂಬು ಬರಿದಾಯಿತು. ಒದ್ದೆ ಗಲ್ಲವನ್ನು ತೋಳಿನಿಂದ ಒರೆಸಿಕೊಂಡು ನಮ್ಮಿಬ್ಬರನ್ನೂ ನೋಡಿದಳು.

"ನಿಮ್ ಪಾಲೂ ನಂಗೇ ಕೊಡ್ರಕ್ಕ" ಅಂದಳು.

ಕ್ಯಾಪ್ಟನ್ ಚೊಂಬು ಹಿಡಿದುಕೊಂಡು ವಾರ್ಡಿನ ಆಚೆಯ ನಲ್ಲಿಯ ಕಡೆ ಓಡಿದಳು.